ದೊಡ್ಡಪ್ಪ ಹೊಳೆಯಿಸಿದ ಮಸಿಕಲ್ಲು

ಕೊಬ್ಬರಿ ಎಣ್ಣೆಯ ವಾಸನೆ ಬಂದರೆ ಈಗಲೂ ನನಗೆ ದೊಡ್ಡಪ್ಪನ ಮೇಲಿನ ತಾತ್ಸಾರ ಉಕ್ಕಿಬರುತ್ತದೆ.

ನಾವು ಆಗ ವಿದೇಶದಲ್ಲಿ, ಈಸ್ಟ್‌ಗೇಟ್‌ನಲ್ಲಿದ್ದೆವು. ಪಕ್ಕದ ಮನೆಯ ಚೀನೀ ಅಜ್ಜಿ ಅಮ್ಮನಿಗೆ ಕುಂಚದಲ್ಲಿ ಬರೆಯುವುದನ್ನು ಕಲಿಸಿ, ಸಾಯುವ ಮೊದಲು ತನ್ನ ಮಸಿಕಲ್ಲನ್ನು ಕೊಟ್ಟಿದ್ದಳು. ಅಂಗೈಯಗಲದ ಆ ಕಪ್ಪು ಕಲ್ಲಿಗೆ ನೀರು ಹನಿಸಿ, ಗಂಧ ತೇಯುವ ಹಾಗೆ ಮಸಿಕಡ್ಡಿಯನ್ನು ತೇಯಬೇಕು. ಬರೆದಾದ ಮೇಲೆ ಅಮ್ಮ ಅದನ್ನು ತಣ್ಣೀರಿನಲ್ಲಿ ಬೆರಳಿನಿಂದಲೇ ತೊಳೆಯುತ್ತಿದ್ದಳು. "ಸೋಪ್ ಕೂಡ ಮುಟ್ಟಿಸಬಾರದು ಪುಟ್ಟಾ. ಈ ತರಿತರಿ ಹೋದ್ರೆ ಮಸಿ ಏಳಲ್ಲ," ಎನ್ನುತ್ತಿದ್ದಳು.

ನ್ಯೂಕ್ಯಾಸಲ್‌ನಲ್ಲಿದ್ದ ದೊಡ್ಡಪ್ಪನಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಯಾರೂ ಕೇಳದಿದ್ದರೂ ಹೇಳುತ್ತಿದ್ದರು. ಒಂದು ಮಧ್ಯಾಹ್ನ ನಮ್ಮಲ್ಲಿಗೆ ಬಂದವರು ಕಾಫಿ ಕುಡಿದು, ಅಮ್ಮ ಅಂಗಡಿಗೆ ಹೋಗಿದ್ದಾಗ ಗ್ಯಾರೇಜಿನಿಂದ ಸ್ಯಾಂಡ್‌ಪೇಪರ್ ತಂದು ಕಲ್ಲನ್ನು ಉಜ್ಜತೊಡಗಿದರು.

"ಡೋಂಟ್, ದೊಡ್ಡಪ್ಪಾ! ಅದು ಅಮ್ಮಂದು!" ಎಂದೆ.

"ನಿಂಗೇನ್ ಗೊತ್ತು? ಆ್ಯಂಟಿಕ್ ಮೇಂಟೇನ್ ಮಾಡೋದು ಹೇಗೆ ಅಂತ ನೋಡಿ ಕಲಿ," ಎಂದವರು ಕೊನೆಗೆ ಕೊಬ್ಬರಿ ಎಣ್ಣೆಯನ್ನೂ ತಿಕ್ಕಿದರು.

ಅಮ್ಮ ಬಂದು ಕಲ್ಲಿನ ಮೇಲೆ ಹೆಬ್ಬೆರಳು ಸವರಿದಳು. ಅದು ಗಾಜಿನ ಮೇಲಿನಂತೆ ಜಾರಿತು.

"ನೋಡಮ್ಮಾ, ಹೇಗೆ ಶೈನ್ ಆಗ್ತಿದೆ!" ಎಂದರು ದೊಡ್ಡಪ್ಪ.

"ನಿಮ್ಮ ಷೋಕೇಸ್‌ಗೆ ಹೇಳಿ ಮಾಡಿಸಿದ ಹಾಗಿದೆ ಭಾವ. ನೀವೇ ತಗೊಂಡು ಹೋಗಿ," ಎಂದಳು ಅಮ್ಮ, ನಗುತ್ತಲೇ.

"ಛೆ ಛೆ, ನಂಗ್ಯಾಕೆ," ಎನ್ನುತ್ತಲೇ ಅವರು ಅದನ್ನು ಟವೆಲಿನಲ್ಲಿ ಸುತ್ತಿಕೊಂಡರು. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಅಮ್ಮ ಕೈಬೀಸಿದಳು. ಆಮೇಲೆ ಒಳಗೆ ಬಂದು, ಅವರು ಕುಡಿದಿಟ್ಟಿದ್ದ ಕಾಫಿ ಕಪ್ಪನ್ನು ತೊಳೆಯದೆ ಕಸದ ಡಬ್ಬಿಗೆ ಹಾಕಿದಳು.