ಬೆಕ್ಕು ಹೋದ ದಿಕ್ಕು

"ಅಲ್ಲಾ ರೀ, ಈ ಬೆಕ್ಕು ಯಾವಾಗಲೂ ಎಡಗಡೆಯಿಂದ ಬಲಗಡೆಗೇ ಹೋಗುತ್ತಲ್ಲ, ವಾಪಸ್ ಬರೋದು ಯಾವಾಗ?"

ನೀರಿನ ಲೋಟ ಹಿಡಿದು ಬೆನ್ನ ಹಿಂದೆ ನಿಂತಿದ್ದ ಹೆಂಡತಿ ಕೇಳಿದಳು. ಮೇಷ್ಟ್ರು ಆಗಷ್ಟೇ ಆನ್‌ಲೈನ್ ಪಾಠ ಮುಗಿಸಿ ಮೈಕ್ ಮುಚ್ಚಿದ್ದರು. ಪರದೆಯ ಮೇಲೆ ಮೂವತ್ತೆರಡು ಚೌಕಗಳು. ಮೂವತ್ತೊಂದು ಕಪ್ಪು. ಒಂದರಲ್ಲಿ ಮಾತ್ರ ನೀಲಿ ಅಂಗಿಯ ಹುಡುಗಿ, ಗಲ್ಲಕ್ಕೆ ಕೈ ಕೊಟ್ಟು ತಲೆದೂಗುತ್ತಿದ್ದಳು. ಅವಳ ಹಿಂದಿನ ಕಪಾಟಿನ ಮೇಲೆ ಬಿಳಿ ಬೆಕ್ಕೊಂದು ಗಂಭೀರವಾಗಿ ನಡೆದುಹೋಗುತ್ತಿತ್ತು.

ಆ ತಲೆದೂಗುವಿಕೆಯಿಂದಲೇ ಮೇಷ್ಟ್ರು ಇನ್ನೂ ಕೆಲಸದಲ್ಲಿದ್ದರು. ಮೊದಲ ವಾರ, "ಒಬ್ಬರಾದರೂ ಮುಖ ತೋರಿಸ್ರಪ್ಪಾ, ನಾನು ಗೋಡೆಗೆ ಪಾಠ ಮಾಡ್ತಿಲ್ಲ ಅಂತ ಗೊತ್ತಾಗಲಿ" ಎಂದು ಅಂಗಲಾಚಿದ್ದರು. ಯಾರೂ ತೋರಿಸಿರಲಿಲ್ಲ. ರಾಜೀನಾಮೆ ಬರೆದು, ತಾರೀಖಿನ ಜಾಗ ಖಾಲಿ ಬಿಟ್ಟು, ಮೇಜಿನ ಡ್ರಾಯರಿನಲ್ಲಿಟ್ಟಿದ್ದರು. ಮುಂದಿನ ವಾರ ಈ ಹುಡುಗಿಯ ಚೌಕ ಬೆಳಗಿತು. ಅಂದಿನಿಂದ ಮೇಷ್ಟ್ರು ತಲೆ ಬಾಚಿಕೊಂಡು ಕೂರತೊಡಗಿದರು. ದಿನವೂ ಅದೇ ನೀಲಿ ಅಂಗಿ ಕಂಡು, "ಎಷ್ಟು ಸರಳ ಮಗು!" ಎಂದು ಮೆಚ್ಚಿದರು. ಬೆಕ್ಕನ್ನು ಕಂಡು, "ಪಾಠ ಅಂದರೆ ಇದು ಕಣೇ, ಮೂಕಪ್ರಾಣಿಯೂ ಬಂದು ಕೇಳುತ್ತೆ" ಎಂದು ಹೆಂಡತಿಯ ಮುಂದೆ ಬೀಗಿದರು. ಸಂಜೆ ಕಣ್ಣು ಮುಚ್ಚಿ ದೇವರಿಗೆ, 'ಒಬ್ಬಳನ್ನಾದರೂ ಕೊಟ್ಟೆಯಲ್ಲ ತಂದೆ' ಎಂದು ಕೈ ಮುಗಿದರು. ದೇವರು ಆಗ ನಗು ತಡೆದುಕೊಳ್ಳಲು ಎಷ್ಟು ಕಷ್ಟಪಟ್ಟನೋ, ಅವನಿಗೇ ಗೊತ್ತು.

ಈಗ ಗಂಡಹೆಂಡಿರಿಬ್ಬರೂ ಪರದೆಗೆ ಮೂಗು ತಾಗಿಸಿ ನೋಡಿದರು. ಹುಡುಗಿ ಎರಡು ಸಲ ತಲೆದೂಗಿದಳು, ಕೂದಲು ಹಿಂದಕ್ಕೆ ತಳ್ಳಿದಳು, ಬೆಕ್ಕು ಹೋಯಿತು, ಒಂದು ಸಲ ತಲೆದೂಗಿದಳು. ಮತ್ತೆ ಎರಡು ಸಲ, ಕೂದಲು, ಬೆಕ್ಕು, ಒಂದು ಸಲ. ಹೆಂಡತಿ ಗೋಡೆ ಗಡಿಯಾರ ನೋಡಿ ಎಣಿಸಿದಳು. ನಲವತ್ತು ಸೆಕೆಂಡಿನ ಒಂದೇ ವಿಡಿಯೊ, ಗಾಣದ ಎತ್ತಿನಂತೆ ಸುತ್ತುತ್ತಿತ್ತು.

"ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟೋರು ನೀವು. ಗಮನವಿಟ್ಟು ನೋಡಿ ಮಕ್ಕಳೇ, ಗಮನವಿಟ್ಟು ನೋಡಿ ಅಂತ."

"ಸಾಕು ಬಿಡೆ. ದೀಪದ ಬುಡ ಯಾವತ್ತೂ ಕತ್ತಲೇ" ಎಂದರು ಮೇಷ್ಟ್ರು. ನಗಲು ಹೋದರು, ಆಗಲಿಲ್ಲ. ಡ್ರಾಯರ್ ಎಳೆದು ಕಾಗದ ಹೊರತೆಗೆದರು. ಪೆನ್ನಿನ ಮುಚ್ಚಳ ಬಿಚ್ಚಿದವರು ತಾರೀಖು ಬರೆಯುವ ಮುಂಚೆ ಹುಡುಗಿಗೆ ಫೋನ್ ಮಾಡಿದರು.

"ಬೆಕ್ಕು ಚೆನ್ನಾಗಿದೆಯೇನಮ್ಮಾ?"

ಹುಡುಗಿ ದನಿ ತಗ್ಗಿಸಿದಳು, "ಗೊತ್ತಾಗೋಯ್ತಾ ಸಾರ್?"

"ನನಗಲ್ಲ, ನಮ್ಮ ಮನೆಯೋರಿಗೆ. ನಾನು ಅಷ್ಟು ಬುದ್ಧಿವಂತನಲ್ಲ. ಯಾಕೆ ತಾಯಿ ಹೀಗೆ ಮಾಡಿದೆ?"

"ನೀವು ಗೋಡೆ ಅಂದ್ರಲ್ಲ ಸಾರ್, ಪಾಪ ಅನ್ನಿಸ್ತು. ಆ ಹೊತ್ತಲ್ಲಿ ನಾನು ತಮ್ಮನಿಗೆ ಊಟ ಮಾಡಿಸಬೇಕು. ಕೆಲವು ದಿನ... ನಿದ್ದೇನೂ ಮಾಡಿದೀನಿ, ಸುಳ್ಳು ಯಾಕೆ ಹೇಳಲಿ. ನಿಮಗೆ ಬೇಜಾರಾಗಬಾರದು ಅಂತ ಅದನ್ನ ಹಾಕಿಟ್ಟೆ."

ಪ್ರಪಂಚದ ಮೇಷ್ಟ್ರುಗಳೆಲ್ಲ ಶಿಷ್ಯರಿಗೆ ಸ್ಫೂರ್ತಿ ಕೊಡಲು ಹೆಣಗುವಾಗ, ಇವರಿಗೆ ಶಿಷ್ಯೆಯೇ ದಿನಕ್ಕೊಂದು ಗಂಟೆ ಸಮಾಧಾನ ಹೇಳಿದ್ದಳು. ಮೇಷ್ಟ್ರು ಕಾಗದ ಹತ್ತಿರಕ್ಕೆ ಎಳೆದುಕೊಂಡರು.

"ಆದರೆ ತಲೆದೂಗಿದ್ದು ನಾಟಕ ಅಲ್ಲ ಸಾರ್" ಎಂದಳು ಹುಡುಗಿ. "ಒಂದಿನ ನೀವು ಪುಸ್ತಕ ಮುಚ್ಚಿಟ್ಟು, ನಕ್ಷತ್ರದ ವಿಷಯ ಹೇಳಿದ್ರಿ. ನಾವು ನೋಡೋದು ಈಗಿನ ನಕ್ಷತ್ರ ಅಲ್ಲ, ಯಾವತ್ತೋ ಹೊರಟ ಬೆಳಕು, ಅದು ಅಲ್ಲಿ ಈಗ ಇದೆಯೋ ಇಲ್ಲವೋ ಅಂತ. ಆ ಪಾಠದ ರೆಕಾರ್ಡಿಂಗ್ ಮತ್ತೆ ಹಾಕಿಕೊಂಡು ಕೇಳ್ತಾ ನನ್ನ ವಿಡಿಯೊ ತಗೊಂಡೆ. ಆ ನಲವತ್ತು ಸೆಕೆಂಡ್ ನಿಜವಾಗಲೂ ಕೇಳ್ತಿದ್ದೆ." ಮತ್ತೆ ಸೇರಿಸಿದಳು, "ಐಡಿಯಾ ಬಂದಿದ್ದೂ ಆಗಲೇ ಸಾರ್. ಒಂದು ರೀತಿಲಿ ನೀವೇ ಹೇಳಿಕೊಟ್ಟಿದ್ದು."

ಮೇಷ್ಟ್ರಿಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಮೂವತ್ತು ವರ್ಷದ ಸೇವೆಯಲ್ಲಿ ಒಂದು ಜೀವಕ್ಕೆ ನಲವತ್ತು ಸೆಕೆಂಡು ತಲುಪಿದ್ದು, ಅದರಿಂದ ಅವಳು ಕಲಿತದ್ದು ಇವರಿಗೇ ಟೋಪಿ ಹಾಕುವುದು! "ನಾಳೆ ಹದಿನೈದು ನಿಮಿಷ ತಡವಾಗಿ ಶುರು ಮಾಡ್ತೀನಿ. ತಮ್ಮನ ಊಟ ಮುಗಿಸಿ ಬಾ" ಎಂದರು.

ಮಾರನೆಯ ದಿನ ಹುಡುಗಿ ಹಸಿರು ಅಂಗಿಯಲ್ಲಿ ಬಂದಳು. ತಲೆದೂಗಲಿಲ್ಲ. ಆಕಳಿಸಿದಳು, ಕಿವಿ ಕೆರೆದುಕೊಂಡಳು, ಪಾಠದ ನಡುವೆ ಮುಖ ಗಂಟಿಕ್ಕಿ, "ಸಾರ್, ಒಂದು ಚೂರೂ ಅರ್ಥ ಆಗಲಿಲ್ಲ" ಎಂದಳು. ಮೇಷ್ಟ್ರು ಸಂಭ್ರಮದಿಂದ ಕೈಗೆ ಸಿಕ್ಕ ಕಾಗದ ಎಳೆದುಕೊಂಡು ಅದರ ಖಾಲಿ ಬೆನ್ನಿಗೆ ಚಿತ್ರ ಬರೆದು ಕ್ಯಾಮೆರಾಕ್ಕೆ ಎತ್ತಿಹಿಡಿದರು. ಚಿತ್ರ ಹುಡುಗಿಯ ಕಡೆಗೆ, ರಾಜೀನಾಮೆ ತಮ್ಮ ಕಡೆಗೆ.

ಹುಡುಗಿ ಕಣ್ಣು ಕಿರಿದಾಗಿಸಿ ನೋಡುತ್ತಿದ್ದಳು. ಅವಳ ಹಿಂದಿನ ಕಪಾಟಿನ ಮೇಲೆ ಬೆಕ್ಕು ಬಲಗಡೆಯಿಂದ ಎಡಗಡೆಗೆ ನಡೆದುಹೋಯಿತು.