ಮೂಕರಸ್ತೆ

ಹನ್ನೊಂದು ವರ್ಷದಿಂದ ಗಡಿಯಾರದ ವೃತ್ತದಲ್ಲಿ ನನ್ನ ಟ್ರಾಫಿಕ್ ಡ್ಯೂಟಿ. ಬೇರೆ ಊರಿನ ರಸ್ತೆಗಳು ಅಪಘಾತವಾದರೆ ತಾವೇ ಸಾಕ್ಷಿ ಹೇಳುತ್ತವೆ. ನನ್ನದು ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ. ಜನ ಮೂಕರಸ್ತೆ ಎಂದೇ ಹೆಸರಿಟ್ಟಿದ್ದರು. ತಪ್ಪು ಅದರದ್ದಲ್ಲ. ಡಿಕ್ಕಿಯಾದ ಮೇಲೆ ಗಾಡಿಯವರ ಬಾಯಿಂದ ಮೊದಲು ‘ಪೆಟ್ಟಾಯ್ತಾ?’ ಎಂಬ ಮಾತು ಬಂದರೆ ಮಾತ್ರ ರಸ್ತೆ ಮಾತಾಡುವುದು. ಲೈಸೆನ್ಸ್ ಪರೀಕ್ಷೆಯಲ್ಲಿ ಎಲ್ಲರೂ ಇದನ್ನು ಬರೆದೇ ಪಾಸಾಗಿದ್ದಾರೆ. ಆದರೆ ನಮ್ಮೂರಲ್ಲಿ ಮೊದಲು ಬರುವುದು ‘ಕಣ್ಣು ಕಾಣಲ್ವೇನೋ?’

ಇವತ್ತು ನರ್ಸ್ ಫಿಲೋಮಿನಾ ಅವರ ಕಾರಿಗೆ ಹಾಲಪ್ಪನ ಬೈಕು ಬಡಿಯಿತು. ಸೇರಿದ ಜನ ದೊಡ್ಡ ಗಾಡಿಯದ್ದೇ ತಪ್ಪು ಎಂದು ತೀರ್ಪನ್ನೂ ಕೊಟ್ಟರು. ಫಿಲೋಮಿನಾ ನೇರ ಹೋಗಿ ಹಾಲಪ್ಪನ ಮೊಣಕಾಲು ಮುಟ್ಟಿ, “ಪೆಟ್ಟಾಯ್ತೇನಪ್ಪಾ? ಕಾಲು ಮಡಚು, ನೋಡೋಣ” ಎಂದರು.

ನನ್ನ ಬೂಟಿನಡಿ ಡಾಂಬರು ನಡುಗಿತು.

“ಕಾರು ಸಿಗ್ನಲ್‌ಗೆ ನಿಂತಿತ್ತು,” ಎಂದಿತು ರಸ್ತೆ, ಗೊಗ್ಗರು ದನಿಯಲ್ಲಿ. “ಬೈಕಿನವನು ಮೊಬೈಲ್ ನೋಡ್ತಿದ್ದ.”

ತೀರ್ಪು ಕೊಟ್ಟವರೆಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿದರು. ಹಾಲಪ್ಪ ತಲೆ ತಗ್ಗಿಸಿ, “ನಂದೇ ತಪ್ಪು ಸಿಸ್ಟರ್. ನಿಮಗೆ ಪೆಟ್ಟಾಗಿಲ್ಲ ತಾನೇ?” ಎಂದ.

ನಾನು ಬರೀ ಖುಷಿಗೆ ಉದ್ದಕ್ಕೆ ಸೀಟಿ ಊದಿ, ಜನರತ್ತ ತಿರುಗಿ ಕೂಗಿದೆ:

“ಕೇಳಿದಿರೇನ್ರೀ? ಮೂಕರಸ್ತೆಯಂತೆ, ಮೂಕರಸ್ತೆ!”