ಎಂಟು ಅಂಕ

ಕುಸ್ತಿಯಲ್ಲಿ ಎರಡು ಸಲ ರಾಜ್ಯಕ್ಕೇ ಮೊದಲು ಬಂದಿದ್ದ ಪ್ರೇಮಾಳಿಗೆ ದೊಡ್ಡ ಊರಿನ ಕಾಲೇಜೊಂದು ಕ್ರೀಡಾ ಕೋಟಾದಲ್ಲಿ ಸೀಟು ಕೊಡಲು ಒಪ್ಪಿತ್ತು. ಪಿಯುಸಿಯಲ್ಲಿ ಶೇಕಡಾ ನಲವತ್ತೈದು ಬಂದರೆ ಸಾಕಿತ್ತು. ಫಲಿತಾಂಶ ಬಂದಾಗ ಎಂಟೇ ಎಂಟು ಅಂಕ ಕಡಿಮೆಯಾಗಿ ಸೀಟು ಕೈತಪ್ಪಿತು. ಇತಿಹಾಸದ ಲೆಕ್ಚರರ್ ಉಳಿದವರಿಗೆಲ್ಲ ಇಪ್ಪತ್ತಕ್ಕೆ ಹದಿನೆಂಟು ಇಂಟರ್ನಲ್ ಅಂಕ ಕೊಟ್ಟು, ಅವಳೊಬ್ಬಳಿಗೆ ನಾಲ್ಕು ಕೊಟ್ಟಿದ್ದರು.

ಅವಳು ಸೀದಾ ಸ್ಟಾಫ್ ರೂಮಿಗೆ ನುಗ್ಗಿ, ಲೆಕ್ಚರರ್ ಕೊರಳಪಟ್ಟಿ ಹಿಡಿದೆತ್ತಿ ನೆಲಕ್ಕೆ ಅಪ್ಪಳಿಸಿದಳು. ಕನ್ನಡಕ ಒಡೆದು ಹುಬ್ಬು ಸೀಳಿತು. ಎದೆಯ ಮೇಲೆ ಕೂತು ಮುಖಕ್ಕೆ ಗುದ್ದತೊಡಗಿದಳು.

"ನಿಮಗ ನಾ ಏನ್ ಮಾಡಿದ್ನ್ರಿ? ಯಾಕ ನನ್ನ ಬಾಳು ಹಾಳು ಮಾಡಿದ್ರಿ?"

ಬಾಯಲ್ಲಿ ರಕ್ತ ತುಂಬಿ ಅವರಿಗೆ ಮಾತು ಹೊರಡಲಿಲ್ಲ. ಗಲಾಟೆ ಕೇಳಿ ಓಡಿಬಂದ ಕೋಚ್ ಅವಳನ್ನು ಹಿಂದಿನಿಂದ ಬಾಚಿ ಎಳೆದರು. ಹನ್ನೊಂದು ವರ್ಷದವಳಿದ್ದಾಗಿನಿಂದ ಅವಳಿಗೆ ಪಟ್ಟು ಕಲಿಸಿದ ಕೈಗಳವು. ಅವಕ್ಕೆ ಮಾತ್ರ ಅವಳು ಮಣಿದಳು. ಅವರ ಎದೆಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

"ಹೋಗ್ಲಿ ಬಿಡವ್ವಾ," ಎಂದು ಕೋಚ್ ಅವಳ ತಲೆ ಸವರಿದರು. "ಇಲ್ಲೇ ನಮ್ಮ ಕಾಲೇಜಿನಾಗ ಡಿಗ್ರಿ ಸೇರು. ನಮ್ಮ ಟೀಮಿಗೇ ಆಡು. ನಾ ಅದೀನಿ."

ಲೆಕ್ಚರರ್ ಗೋಡೆಗೆ ಒರಗಿ ಎದ್ದು ಕೂತು, ರಕ್ತ ಉಗುಳಿ, ಕೋಚ್ ಕಡೆ ಬೆರಳು ತೋರಿಸಿದರು.

"ನಾಲ್ಕರ ಮ್ಯಾಲ ಒಂದ್ ಅಂಕಾನೂ ಹಾಕಬ್ಯಾಡ್ರಿ, ಹಾಕಿದ್ರ ಹುಡುಗಿ ನಮ್ಮ ಕೈ ಬಿಟ್ಟು ಹೋಗ್ತಾಳ ಅಂದಾವ್ರು ನೀವ ಅಲ್ಲೇನ್ರಿ, ಸರ?"